ಅಯ್ನೋರು ಹಳೇ ರಸ್ತೆ ಹುಡುಕಲು ಹೋದದ್ದು

ಚಾಮರಾಜಪೇಟೆಯ ನಾಲ್ಕನೇ ಮುಖ್ಯರಸ್ತೆಯಲ್ಲಿ ಒಂದು ಮನೆಯ ಮುಂಬಾಗಿಲು ಅಕ್ಕಪಕ್ಕದ ಬಾಗಿಲುಗಳಿಗಿಂತ ಅರ್ಧ ಅಡಿ ರಸ್ತೆಗೆ ಬಂದಿದೆ. ಕಟ್ಟಿದ ಮೇಸ್ತ್ರಿಯ ತಪ್ಪಲ್ಲ. ಮನೆಯ ಯಜಮಾನ ರೇವಣಸಿದ್ದಯ್ಯನವರು ಹೊರಗೆ ಹೋಗುವಾಗಲೆಲ್ಲ ಬೀಗ ಹಾಕಿ, ಎಳೆದು ನೋಡಿ, ಬೀದಿ ತಿರುವಿನತನಕ ಹೋಗಿ, ವಾಪಸು ಬಂದು ಮತ್ತೆ ಎಳೆದು ನೋಡಿ, ಗೋಡೆಸಮೇತ ಅದನ್ನು ಈಚೆಗೆ ಜಗ್ಗಿದ್ದಾರೆ. ಒತ್ತುವರಿ ಅಂತ ನೋಟಿಸು ಬರುವುದೊಂದು ಬಾಕಿ. ಹೆಂಡತಿ ಮಹಾನಂದಮ್ಮ ಒಳಗಿದ್ದಾರೆ ಎನ್ನುವುದನ್ನು ಮರೆತು ಬೀಗ ಜಡಿದು ಹೋದದ್ದೂ ಉಂಟು.

ಅಕ್ಕಿಪೇಟೆಯವರೆಲ್ಲ ಅವರನ್ನು ಕರೆಯುವುದು ಅಯ್ನೋರು ಅಂತ. ಅಲ್ಲಿ ಅವರದೊಂದು ಅಕ್ಕಿ ಮಂಡಿ ಇತ್ತು. ಈಗ ಅಕ್ಕಿಪೇಟೆಯಲ್ಲಿ ಅಕ್ಕಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಅವರ ಮಂಡಿಯಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಬಕೆಟು ಮಾರುತ್ತಾರೆ. ನಾನು ಮುನಿರಾಮಪ್ಪ, ಕಲಾಸಿಪಾಳ್ಯದಲ್ಲಿ ತರಕಾರಿ ಮಾರಿಕೊಂಡಿದ್ದವನು. ನಮ್ಮಿಬ್ಬರಿಗೆ ಗೆಳೆತನ ಹತ್ತಿದ್ದು ಒಂದು ಕೆ.ಜಿ. ಬದನೆಕಾಯಿಯಿಂದ. ಹುಳ ಇದ್ದೀತೆಂದು ಹೆದರಿ ಒಂದೊಂದನ್ನೇ ಬಿಸಿಲಿಗೆ ಹಿಡಿದು ಆರಿಸುತ್ತ ಅಯ್ನೋರು ಮಧ್ಯಾಹ್ನ ಮಾಡಿದರು. ಊಟದ ಹೊತ್ತಾಗಿ ಅಲ್ಲೇ ಗೋಣಿಚೀಲದ ಮೇಲೆ ಕೂತು ನನ್ನ ಬುತ್ತಿ ನಾನು, ಅವರ ಬುತ್ತಿ ಅವರು ಬಿಚ್ಚಿದೆವು. ಅವತ್ತಿಂದ ಬಿಟ್ಟಿಲ್ಲ.

ಚಿಂತೆ ಅವರ ಕಸುಬು, ಅಕ್ಕಿ ಉಪಕಸುಬು. ಮೋಡ ಕಂಡರೆ ಮಳೆ ಬರುತ್ತದೆಂದು ಚಿಂತೆ, ಕಾಣದಿದ್ದರೆ ಬರುವುದಿಲ್ಲವೆಂದು ಚಿಂತೆ. ಸಕ್ಕರೆ ಕಾಯಿಲೆ ಬಂದಾಗ ನಾವೆಲ್ಲ, ಇಷ್ಟು ವರ್ಷದ ಮೇಲೆ ಪಾಪ ಒಂದು ಕಾರಣವಾದರೂ ಸಿಕ್ಕಿತಲ್ಲ ಅಂದುಕೊಂಡೆವು. ಊಟ ತಿಂಡಿಗೆ ಮುಂಚೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಡಾಕ್ಟರು ಮಹಾನಂದಮ್ಮನವರನ್ನು ಕೂರಿಸಿಕೊಂಡೇ ಹೇಳಿದ್ದರು: "ಸೂಜಿ ಆದ್ಮೇಲೆ ತಿನ್ನೋದು ತಡ ಮಾಡಂಗಿಲ್ಲ. ತಡ ಆದ್ರೆ ಸಕ್ಕರೆ ಇಳಿದುಬಿಡುತ್ತೆ, ಕೂತಲ್ಲೇ ಬಿದ್ದುಹೋಗ್ತಾರೆ. ಪ್ರಾಣಕ್ಕೇ ಬರಬಹುದು."

ಇಂಥವರಿಗೆ ಹೋದ ಮಾರ್ಗಶಿರದಲ್ಲಿ ಹೊಸ ಚಿಂತೆಯೊಂದು ಹತ್ತಿತು. ಮಗಳು ಚೈತನ್ಯಾ ಕಾರಿನಲ್ಲಿ ಮೈಸೂರಿನ ಮದುವೆಗೆ ಕರೆದುಕೊಂಡು ಹೋಗಿದ್ದಳು, ಹೊಸ ಎಕ್ಸ್‌ಪ್ರೆಸ್ ಹೈವೇಯಲ್ಲಿ. ಅಯ್ನೋರು ಕಿಟಕಿಗೆ ಮೂಗು ಒತ್ತಿಕೊಂಡು ಬಿಡದಿ ಬರಲೆಂದು ಕಾದರು, ಬರಲಿಲ್ಲ. ರಾಮನಗರ ಬರಲಿಲ್ಲ. ಮದ್ದೂರಿಗೆ ಕಾದು ಕೂತಿದ್ದಾಗ ಮೈಸೂರೇ ಬಂದುಬಿಟ್ಟಿತು. ಮಾರನೆಯ ದಿನ ನಮ್ಮ ಮನೆಗೆ ಬಂದರು.

"ಮುನಿರಾಮಪ್ಪ, ಆ ಊರುಗಳು ಏನಾದ್ವೋ? ಬರೀ ಬೂದಿ ಬಣ್ಣದ ಗೋಡೆ ಕಣೋ. ನಮ್ಮಪ್ಪ ಮಂಡ್ಯದ ಕಡೆಯಿಂದ ಗಾಡೀಲಿ ಅಕ್ಕಿ ತರ್ತಿದ್ದ ರಸ್ತೆ ಅದು. ಇದೆಯೋ ಇಲ್ವೋ, ನೋಡ್ಕೊಂಡು ಬರೋಣ ನಡಿ."

"ರಸ್ತೆ ಕಳೆದುಹೋಗಕ್ಕೆ ಅದೇನು ಛತ್ರೀನಾ ಅಯ್ನೋರೆ?"

"ನಗಬೇಡ. ನೋಡೋರು ಇಲ್ದಿದ್ರೆ ಏನು ಬೇಕಾದ್ರೂ ಕಳೆದುಹೋಗತ್ತೆ."

ನನ್ನ ಸ್ಕೂಟರು ಗಂಗರ ಕಾಲದ್ದು. ಇಳಿಜಾರು ಕಂಡರೆ ಮಾತ್ರ ಉತ್ಸಾಹ. ಹೊಸ ಹೈವೇಗೆ ಸ್ಕೂಟರುಗಳನ್ನು ಬಿಡುವುದಿಲ್ಲವಾದ್ದರಿಂದ ಹಳೇ ರಸ್ತೆಗೆ ನಮ್ಮಷ್ಟು ಯೋಗ್ಯರು ಬೇರೆ ಯಾರೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಗಂಡಹೆಂಡಿರಿಗೆ ಜಗಳವಾಯಿತು, ಕರಡಿಗೆಯ ವಿಷಯಕ್ಕೆ. ಅಯ್ನೋರ ಇಷ್ಟಲಿಂಗ ಹುಟ್ಟಿದಾಗ ಕಟ್ಟಿದ್ದು. ಅದು ಇರುವುದು ಎದೆಯ ಮೇಲೆ, ಬೆಳ್ಳಿಯ ಕರಡಿಗೆಯೊಳಗೆ. ಲಿಂಗವಂತರಲ್ಲಿ ಅದು ಮೈಬಿಟ್ಟು ಇಳಿಯುವುದಿಲ್ಲ. ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗುತ್ತದೆ. ಪೂಜೆಯಾಗದೆ ಅಯ್ನೋರು ನೀರು ಮುಟ್ಟುವವರಲ್ಲ. ಪ್ರತಿ ತುತ್ತಿಗೆ ಮುಂಚೆ ಎದೆ ಮುಟ್ಟಿ ಲಿಂಗಕ್ಕೆ ಒಪ್ಪಿಸಿಯೇ ಬಾಯಿಗಿಡುವುದು. ಈಗ ಅವರ ಭಯ ಏನೆಂದರೆ, ದಾರಿಯಲ್ಲಿ ಯಾರಾದರೂ ಬೆಳ್ಳಿಯ ಆಸೆಗೆ ಕರಡಿಗೆ ಕಿತ್ತುಕೊಂಡು ಓಡಿಬಿಟ್ಟರೆ?

"ಈ ವಯಸ್ಸಲ್ಲಿ ನಿಮ್ಮನ್ನ ಯಾರು ಕಿತ್ಕೊಂಡು ಹೋಗ್ತಾರೆ ರೀ," ಅಂದರು ಮಹಾನಂದಮ್ಮ.

"ನನ್ನನ್ನಲ್ಲ ಕಣೆ, ಕರಡಿಗೇನ."

ಕರಡಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗ ಎಳೆದು ನೋಡಿ, ಲಿಂಗವನ್ನು ಕೆಂಪು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು. ಅದರ ಮೇಲೆ ದಾರದಲ್ಲಿ ನೇತಾಡುವ ಓದುವ ಕನ್ನಡಕ. ಅದರ ಮೇಲೆ ಸ್ವೆಟರು.

ನಸುಕಿಗೇ ಹೊರಟೆವು. ಪೂಜೆ ಮನೆಯಲ್ಲಿ ಆಗಿರಲಿಲ್ಲ. ಅವರಪ್ಪ ಗಾಡಿ ಹೊಡೆದುಕೊಂಡು ಬರುವಾಗ ಮಾಯಣ್ಣನ ತೋಪು ಅನ್ನುವಲ್ಲಿ ಎತ್ತು ಬಿಚ್ಚಿ, ಕಲ್ಲುಬಾನಿಯಲ್ಲಿ ಅವಕ್ಕೆ ನೀರು ತೋರಿಸಿ, ಕಟ್ಟೆಯ ಮೇಲೆ ಪೂಜೆ ಮುಗಿಸಿ ಆಮೇಲೆ ರೊಟ್ಟಿ ತಿನ್ನುತ್ತಿದ್ದರಂತೆ. ಇವರಿಗೂ ಅಲ್ಲೇ ಆಗಬೇಕು. ತೋಪು ಮದ್ದೂರಿನ ಈಚೆ ಎಲ್ಲೋ. ಅಂದರೆ ಬಿಡದಿಯಲ್ಲಿ ತಟ್ಟೆ ಇಡ್ಲಿಯ ಹಬೆ ನನ್ನ ಕಾಲರು ಹಿಡಿದು ಎಳೆದರೂ ನಿಲ್ಲುವಂತಿಲ್ಲ. ನನ್ನ ಹೊಟ್ಟೆಯ ಕೂಗಿನ ಮುಂದೆ ಸ್ಕೂಟರಿನ ಹಾರನ್ನು ದಂಡವಾಯಿತು.

ಹಳೇ ರಸ್ತೆ ಇತ್ತು, ಹಾವಿನ ಪೊರೆಯ ಹಾಗೆ ಹರಿದು ತುಂಡುತುಂಡಾಗಿ. ಒಂದು ತುಂಡು ಪೆಟ್ರೋಲ್ ಬಂಕಿನ ಹಿಂದೆ ಹೊಕ್ಕು ಯಾರದೋ ಕಾಂಪೌಂಡಿಗೆ ಹಣೆ ಚಚ್ಚಿಕೊಂಡು ನಿಂತಿತ್ತು. ಇನ್ನೊಂದರ ಮೇಲೆ ಗಾಡಿಯೊಂದು ಮಾತ್ರ ಹಾಯುವಷ್ಟು ಸಣ್ಣ ಕಲ್ಲುಸೇತುವೆ. ಅದರ ಕಮಾನಿನೊಳಗೆ ಯಾರೋ ಹುಲ್ಲು ಒಟ್ಟಿದ್ದರು. ರಾಮನಗರ ಇತ್ತು. ಚನ್ನಪಟ್ಟಣ ಇತ್ತು, ಅಂಗಡಿಗಳ ಮುಂದೆ ಮರದ ಕುದುರೆಗಳು ಸಾಲಾಗಿ ನಿಂತು ಗಿರಾಕಿಗಳ ದಾರಿ ನೋಡುತ್ತಿದ್ದವು. ಒಂದೊಂದು ಊರು ಸಿಕ್ಕಾಗಲೂ ಅಯ್ನೋರು ಹಿಂದಿನಿಂದ ನನ್ನ ಭುಜ ತಟ್ಟಿ, "ಇದೆ ಕಣೋ, ಇದೆ," ಎನ್ನುತ್ತಿದ್ದರು. ಕಳೆದುಹೋದ ದನ ಕೊಟ್ಟಿಗೆಗೆ ಬಂದಾಗ ಎಣಿಸುವವರ ಹಾಗೆ.

ಮಾಯಣ್ಣನ ತೋಪು ಕೂಡ ಇತ್ತು. ತೋಪೆಂದರೆ ಈಗ ನಾಲ್ಕು ಹುಣಸೆಮರ. ಪಕ್ಕದಲ್ಲೇ ಬೇಲಿಯಾಚೆ ಹೈವೇ ಭೋರೆನ್ನುತ್ತಿದ್ದರೆ ಈಚೆ ಹಳೇ ಡಾಂಬರು ಒಂದು ಸುತ್ತು ಬಳಸಿ ಹೋಗಿತ್ತು. ಕಟ್ಟೆ ಇತ್ತು, ಕಲ್ಲುಬಾನಿ ಇತ್ತು. ಅಯ್ನೋರು ಬಾನಿಯೊಳಗೆ ಕೈಯಾಡಿಸಿ ಒಣ ಎಲೆ ತೆಗೆದರು.

ಅವರು ಟವೆಲು ಹಾಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತಾಗ ನಾನು ದೂರ ಹೋಗಿ ನಿಂತೆ. ತಿರುಗಿ ಬರುವಷ್ಟರಲ್ಲಿ ಕಟ್ಟೆಯ ಆ ತುದಿಗೆ ಹೋಗಿ ಫೋನು ಕಿವಿಗೆ ಹಚ್ಚಿದ್ದರು.

"ಹಿತ್ತಲ ಬಾಗಿಲ ಚಿಲಕ ಹಾಕಿದೀಯಾ?... ಹಾಕಿದೀನಿ ಅಂದ್ರೆ ಆಗಲ್ಲ, ನೋಡ್ಕೊಂಡು ಬಂದು ಹೇಳು... ಲೈನಲ್ಲೇ ಇರ್ತೀನಿ."

ಚಿಲಕದ ವಿಚಾರಣೆ ಮುಗಿಯುವ ಹೊತ್ತಿಗೆ ನಾನು ಸ್ಕೂಟರು ಒದ್ದಾಗಿತ್ತು. ಅಯ್ನೋರು ಟವೆಲು ಕೊಡವಿ ಹತ್ತಿದರು. ದಾರಿಯಲ್ಲಿ ಹಳೇ ರಸ್ತೆಯ ಇನ್ನೂ ಎರಡು ತುಂಡು ಇಳಿದು ನೋಡಿದೆವು. ಒಂದರಲ್ಲಿ ಡಾಂಬರಿನ ಮೇಲೇ ದನದ ಕೊಟ್ಟಿಗೆ ಎದ್ದಿತ್ತು. ಇನ್ನೊಂದರಲ್ಲಿ ರಸ್ತೆಯ ಉದ್ದಕ್ಕೂ ರಾಗಿ ತೆನೆ ಹರಡಿದ್ದರು. ಅದರ ಅಂಚಿನಲ್ಲೇ ನಡೆದು ಮೈಲಿಗಲ್ಲೊಂದನ್ನು ಮಾತಾಡಿಸಿ ಬಂದೆವು.

ಮದ್ದೂರಿನ ಹೋಟೆಲು. ನನಗೆ ಇಡ್ಲಿ ಬಂತು. ನಾನು ನಾಚಿಕೆಯಿಲ್ಲದೆ ಶುರು ಮಾಡಿದೆ. ಅಯ್ನೋರು ಮೇಜಿನ ಕೆಳಗೆ ಅಂಗಿ ಚೂರು ಎತ್ತಿ ಹೊಟ್ಟೆಗೆ ಸೂಜಿ ಚುಚ್ಚಿಕೊಂಡರು. ಅವರ ತಟ್ಟೆಯೂ ಬಂತು. ಇಡ್ಲಿ ಮುರಿದು ಚಟ್ನಿಗೆ ಅದ್ದಿ, ಎಡಗೈಯನ್ನು ಎದೆಗೆ ಒಯ್ದರು.

ಕೈ ಅಲ್ಲೇ ನಿಂತಿತು. ಸ್ವೆಟರಿನ ಮೇಲೆ ಒತ್ತಿದರು. ಒಳಗೆ ಕೈ ಹಾಕಿದರು. ಹೊರಗೆ ಬಂದದ್ದು ಕನ್ನಡಕ.

ನಾನು ಐವತ್ತು ವರ್ಷದಲ್ಲಿ ಅಯ್ನೋರ ಚಿಂತೆಯ ಮುಖಗಳನ್ನೆಲ್ಲ ನೋಡಿದ್ದೇನೆ. ಇದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಇಲ್ಲ," ಅಂದರು.

"ಸರಿಯಾಗಿ ನೋಡಿ ಅಯ್ನೋರೆ."

"ಕನ್ನಡಕದ ಭಾರಾನ ಅದರ ಭಾರ ಅಂದ್ಕೊಂಡುಬಿಟ್ಟೆ ಮುನಿರಾಮಪ್ಪ. ಎಲ್ಲೋ ಬಿತ್ತು."

ನಾನು ನನ್ನ ತಟ್ಟೆ ಪಕ್ಕಕ್ಕೆ ತಳ್ಳಿದೆ. ಸೂಜಿ ಒಳಗೆ ಹೋಗಿಯಾಗಿದೆ. "ಮೊದಲು ಒಂದು ಇಡ್ಲಿ ತಿನ್ನಿ. ಆಮೇಲೆ ಇಡೀ ರಸ್ತೆ ಅಗೆದು ಹುಡುಕೋಣ."

"ಲಿಂಗ ಇಲ್ದೆ ತಿನ್ನೋದಾ?" ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನೀರಿಲ್ಲದೆ ಈಜುವುದಾ ಎಂದು ಕೇಳಿದ ಹಾಗಿತ್ತು.

"ಸೂಜಿ ಹಾಕ್ಕೊಂಡಿದೀರಲ್ಲ ಮಹರಾಯರೇ!"

"ಅದಕ್ಕೇ ಬೇಗ ನಡಿ."

ಅಲ್ಲಿಂದ ಮುಂದೆ ನನ್ನ ಸ್ಕೂಟರು ಹುಟ್ಟಿದಾರಭ್ಯ ಓಡದ ಹಾಗೆ ಓಡಿತು. ಹಿಂದೆ ಕೂತವರು ಈಗ ಭುಜ ತಟ್ಟುತ್ತಿರಲಿಲ್ಲ. ಮೊದಲು ಸಿಕ್ಕಿದ್ದು ರಾಗಿ ಹರಡಿದ ತುಂಡು. ಅಯ್ನೋರು ಬಗ್ಗಿ ತೆನೆಗಳನ್ನು ಕೈಯಿಂದ ಸರಿಸುತ್ತ ಹೊರಟರು. ಹೊಲದವನು ದೂರದಿಂದ, "ಯಾರ್ರೀ ಅದು, ಏನ್ ಕಳ್ಕಂಡ್ರಿ?" ಎಂದು ಕೂಗಿದ. ಅಯ್ನೋರು ತಲೆಯೆತ್ತದೆ ಸರಿಸುತ್ತಲೇ ಹೋದರು. ಮಾಗಿಯ ಚಳಿಯಲ್ಲಿ ಅವರ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ನನ್ನ ಜೇಬಿನಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು, ಹೋಟೆಲಿನಿಂದ ಬರುವಾಗ ತುರುಕಿಕೊಂಡದ್ದು. ಹಿಡಿದು ಬಾಯಿಗೆ ತುರುಕಿಬಿಡಲೇ ಎಂದು ಯೋಚಿಸಿದೆ. ತುರುಕಿದರೆ ಬದುಕಿಯಾರು, ಆಮೇಲೆ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಎರಡನ್ನೂ ತೂಗಿದೆ. ಜೇಬಿಗೆ ಕೈ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

ಕೊನೆಗೆ ಮೈಲಿಗಲ್ಲಿನ ಮರೆಗೆ ಹೋಗಿ ಮಹಾನಂದಮ್ಮನವರಿಗೆ ಫೋನು ಮಾಡಿದೆ.

"ಅಮ್ಮಾವ್ರೇ, ಅಯ್ನೋರ ಲಿಂಗ ಎಲ್ಲೋ ಬಿದ್ದಿದೆ."

ಅವರು ಮೊದಲು ಕೇಳಿದ್ದು, "ಸೂಜಿ ಹಾಕ್ಕೊಂಡ್ರಾ?"

"ಹಾಕ್ಕೊಂಡ್ರು."

"ತಿಂದ್ರಾ?"

"ಇಲ್ಲ."

"ಶಿವನೇ." ಅವರು ಉಸಿರು ಎಳೆದುಕೊಂಡದ್ದು ಚಾಮರಾಜಪೇಟೆಯಿಂದ ಮದ್ದೂರಿಗೆ ಕೇಳಿಸಿತು. "ಮುನಿರಾಮಣ್ಣ, ಬಿದ್ದಿಲ್ಲ ಅದು. ಅವರು ನನಗೆ ಫೋನ್ ಮಾಡಿದಾಗ, 'ಲಿಂಗದ ವಸ್ತ್ರ ಕಟ್ತಾ ಇದ್ದೆ, ಹಿತ್ತಲ ಬಾಗಿಲು ನೆನಪಾಯ್ತು' ಅಂದ್ರು. ಕಟ್ಟಿ ಕೆಳಗಿಟ್ಟಿದಾರೆ. ಹಾಕ್ಕೊಂಡೇ ಇಲ್ಲ. ಕರಡಿಗೆ ಇದ್ದಿದ್ರೆ ಅದು ಕೊರಳಲ್ಲೇ ಇರ್ತಿತ್ತು, ಪೂಜೆ ಆದ್ಮೇಲೆ ಲಿಂಗಾನ ಅದರೊಳಕ್ಕೆ ಇಟ್ಟಿದ್ರೆ ಮುಗೀತಿತ್ತು. ಹೇಳಿದ್ನಲ್ಲ ಬಡ್ಕೊಂಡು! ಪೂಜೆ ಮಾಡಿದ ಜಾಗಕ್ಕೇ ಹೋಗಿ. ಬೇಗ ಹೋಗಿ."

ಅಯ್ನೋರು ಮಾತ್ರ ಕೊಟ್ಟಿಗೆಯ ತುಂಡನ್ನು ಬಿಟ್ಟು ಮುಂದೆ ಹೋಗಲು ಒಪ್ಪಲಿಲ್ಲ. "ಮಧ್ಯದ್ದು ಬಿಟ್ಟು ಹೋದ್ರೆ, ಅಲ್ಲೇ ಇದ್ರೆ?"

"ಅಮ್ಮಾವ್ರ ಅಪ್ಪಣೆ ಆಗಿದೆ. ಹತ್ತಿ."

"ಅವಳಿಗೆ ಹೇಳ್ಬಿಟ್ಯಾ?" ಎಂದರು. ಬೈಯಲಿಲ್ಲ. ಬೈಯದಿದ್ದದ್ದೇ ನನಗೆ ಇನ್ನಷ್ಟು ಹೆದರಿಕೆ ತಂದಿತು. ಹತ್ತುವಾಗ ಕಾಲು ಎರಡು ಸಲ ತಪ್ಪಿತು.

ತೋಪು ಕಂಡಿತು, ಆದರೆ ಹೈವೇಯ ಆ ಕಡೆ. ಬೆಂಗಳೂರಿನ ಕಡೆಗೆ ಬರುವ ರಸ್ತೆ ಹೈವೇಯ ಈ ಮಗ್ಗುಲಿಗಿದ್ದದ್ದರಿಂದ, ಹೋಗುವಾಗ ನಮ್ಮ ಎಡಕ್ಕಿದ್ದದ್ದು ಬರುವಾಗ ಬೇಲಿಯ ಆಚೆಗೆ ಹೋಗಿತ್ತು. ಕಬ್ಬಿಣದ ಬೇಲಿ, ಅದರಾಚೆ ಗುಂಡಿನಂತೆ ಹಾಯುವ ಕಾರುಗಳು, ಅದರಾಚೆ ಇನ್ನೊಂದು ಬೇಲಿ, ಅದರಾಚೆ ನಾಲ್ಕು ಹುಣಸೆಮರ. ಕೂಗಿದರೆ ಕೇಳುವಷ್ಟು ದೂರ. ದಾಟಬೇಕಾದರೆ ಮುಂದಿನ ಅಂಡರ್‌ಪಾಸಿನತನಕ ಹೋಗಬೇಕು. ಅದು ನನ್ನ ಪಾಲಿಗೆ ಅವತ್ತು ಕಾಶಿಯಲ್ಲಿತ್ತು.

ಅಯ್ನೋರು ಇಳಿದು ಬೇಲಿಗೆ ಕೈ ಹಾಕಿದರು. ನಾನು ಸ್ವೆಟರು ಹಿಡಿದೆಳೆದೆ.

"ಬಿಡೋ, ಅಲ್ಲೇ ಇದೆ ಕಟ್ಟೆ."

"ಕಾರಿಗೆ ಸಿಕ್ಕಿ ಸಾಯ್ತೀರ! ಹತ್ತಿ!"

ಅವರು ನನ್ನನ್ನೇ ನೋಡಿದರು. ಗುರುತು ಹಿಡಿಯದವರ ನೋಟ. ಆಮೇಲೆ ಬಹಳ ಮೆತ್ತಗೆ ಕೇಳಿದರು: "ಎತ್ತಿಗೆ ನೀರು ತೋರಿಸಿದ್ಯಾ?"

ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಕಲಾಸಿಪಾಳ್ಯದಲ್ಲಿ ಇರಲಿಲ್ಲ. ಆದರೆ ಅವತ್ತು "ತೋರಿಸ್ದೆ" ಎನ್ನುವಷ್ಟು ಸಣ್ಣ ಸುಳ್ಳೂ ಹುಟ್ಟಲಿಲ್ಲ. ಅವರನ್ನು ಎತ್ತಿ ಕೂರಿಸಿ, ಅವರ ಎರಡೂ ಕೈಯನ್ನು ನನ್ನ ಹೊಟ್ಟೆಯ ಸುತ್ತ ಬಳಸಿ, ನನ್ನ ಮಫ್ಲರಿನಿಂದ ಬಿಗಿದೆ. ಅಂಡರ್‌ಪಾಸು ಹೊಕ್ಕು ಹೊರಬೀಳುವತನಕ ನಮ್ಮ ಮನೆದೇವರಿಗೆ ಹರಸಿಕೊಂಡ ಮುಡಿ ಎಷ್ಟೆಂದರೆ, ಅಷ್ಟು ಕೂದಲು ನಮ್ಮ ವಂಶದಲ್ಲೇ ಇಲ್ಲ.

ಕಟ್ಟೆಯ ಮೇಲೆ ಕೆಂಪು ವಸ್ತ್ರ ಕಾಣಲಿಲ್ಲ.

ಅಲ್ಲಿ ಒಬ್ಬ ಹೆಂಗಸು ಕಾಲು ನೀಡಿಕೊಂಡು ಕೂತಿದ್ದಳು, ಪಕ್ಕದಲ್ಲಿ ಬಾಳೆಹಣ್ಣಿನ ಗೊನೆ. ಕಟ್ಟೆಯ ನಡುವೆ ಬಿದಿರಿನ ಮಂಕರಿಯೊಂದು ಬೋರಲು ಬಿದ್ದಿತ್ತು. ನಾವು ಬರುವುದನ್ನು ಕಂಡು ಎದ್ದು ನಿಂತು ಸೊಂಟಕ್ಕೆ ಕೈ ಕೊಟ್ಟಳು.

"ನಿಮ್ದೇನ್ರಪ್ಪಾ ಈ ದ್ಯಾವ್ರು? ಬಿಟ್‌ಬುಟ್ಟು ಓದ್ರೆ ಆಡು ನೆಕ್ಕಂಡ್ ಓಯ್ತದೆ ಅನ್ನೋ ಗ್ಯಾನ ಬ್ಯಾಡ್ವಾ? ಅಣ್ಣು ಮಾರಕ್ ಓಗ್ಬೇಕು ನಾನು. ಕಾದೂ ಕಾದೂ ಬಿಸ್ಲು ನೆತ್ತಿಗ್ ಬಂತು!"

ಅವಳ ಹೆಸರು ಅಂಜನಮ್ಮ. ಮುಂಚೆ ಇದೇ ಬಳಸುದಾರಿಯಲ್ಲಿ ನಿಲ್ಲುತ್ತಿದ್ದ ಬಸ್ಸುಗಳಿಗೆ ಹಣ್ಣು ಮಾರುತ್ತಿದ್ದಳಂತೆ. ಬಸ್ಸು ಹೋದರೂ ತೋಪಿನ ಮೇಲೆ ಹಾಯುವ ರೂಢಿ ಹೋಗಿರಲಿಲ್ಲ. ಮಂಕರಿ ಎತ್ತಿದಳು. ಕೆಂಪು ವಸ್ತ್ರದ ಗಂಟು ಅಯ್ನೋರು ಇಟ್ಟ ಜಾಗದಲ್ಲೇ, ಉದುರಿದ ವಿಭೂತಿಯ ಪಕ್ಕದಲ್ಲೇ ಇತ್ತು. "ಇನ್ನೊಬ್ರ ದ್ಯಾವ್ರು, ಮುಟ್ಟಕೆ ಎದರ್ಕೆ ಆಯ್ತು," ಎಂದಳು. ಮುಟ್ಟದೆಯೇ ಅದರ ಮುಂದೆ ಒಂದು ತುಂಬೆ ಹೂ, ಒಂದು ಉರಿದು ಮುಗಿದ ಊದುಕಡ್ಡಿ, ಎರಡು ಬಾಳೆಹಣ್ಣು ಇಟ್ಟಿದ್ದಳು.

ಅಯ್ನೋರು ಕಟ್ಟೆಗೆ ಒರಗಿ ಕುಸಿದು ಕೂತರು. ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿದರು. ನಾನು ಬಿಸ್ಕತ್ತಿನ ಪೊಟ್ಟಣ ಹರಿದು ಮುಂದೆ ಹಿಡಿದೆ. ಅವರು ತಲೆ ಅಲ್ಲಾಡಿಸಿದರು.

"ಮೈಬಿಟ್ಟು ಇಳಿದಿದೆ... ನೀರು ತಾ. ಮತ್ತೆ ಪೂಜೆ ಆಗ್ಬೇಕು. ಆಮೇಲೆ."

ನನಗೆ ಅಳು ಬಂತು. ಸಿಕ್ಕಿದ ಮೇಲೂ ಸಾಯಲು ಹೊರಟ ಮನುಷ್ಯನಿಗೆ ಏನು ಮಾಡುವುದು?

"ಯಾಕಂತೆ, ತಿನ್ನಕಿಲ್ವಂತಾ?" ಅಂದಳು ಅಂಜನಮ್ಮ.

"ಪೂಜೆ ಆಗ್ದೆ ತಿನ್ನಲ್ಲ ತಾಯಿ. ಸಕ್ಕರೆ ಕಾಯಿಲೆ, ಸೂಜಿ ಬೇರೆ ಹಾಕ್ಕೊಂಡಿದಾರೆ, ಈಗ ಬಿದ್ದುಹೋಗ್ತಾರೆ."

"ಪೂಜೆ ಮಾಡೀವ್ನಲ್ಲ ನಾನು!" ಅವಳು ಆ ಎರಡು ಹಣ್ಣು ಎತ್ತಿಕೊಂಡು ಅಯ್ನೋರ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ನೋಡಿ ಸ್ವಾಮಿ, ಆಗ್ಲಿಂದ ಇವು ನಿಮ್ ದ್ಯಾವ್ರ ಮುಂದೇ ಅವೆ. ಇದು ಪ್ರಸಾದ. ಒಲ್ಲೆ ಅಂದ್ರೆ ಅಂಗೇ ಏಳಿ, ನಾನ್ ಒತ್ಕಂಡ್ ಓಯ್ತೀನಿ."

ಅಯ್ನೋರು ಹಣ್ಣನ್ನು ನೋಡಿದರು, ಗಂಟನ್ನು ನೋಡಿದರು. ಆ ಮಂಜು ಕವಿದ ತಲೆಯೊಳಗೂ ಎಪ್ಪತ್ತನಾಲ್ಕು ವರ್ಷದ ನೇಮಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ನನಗೆ ಕಾಣುತ್ತಿತ್ತು. ಪೂಜೆಯಿಲ್ಲದೆ ತಿನ್ನಬಾರದು, ನಿಜ. ಲಿಂಗದ ಮುಂದಿಟ್ಟ ಪ್ರಸಾದವನ್ನು ಬೇಡವೆನ್ನುವುದು? ಅದನ್ನು ಅವರ ಮನೆಯಲ್ಲಿ ಯಾರೂ ಎಂದೂ ಮಾಡಿದವರಲ್ಲ. ಗಂಟನ್ನು ಎದೆಗೆ ಒತ್ತಿಕೊಂಡು ಬಲಗೈ ಚಾಚಿದರು.

ಸಿಪ್ಪೆ ಸುಲಿಯಲಾಗಲಿಲ್ಲ. ಅಂಜನಮ್ಮನೇ ಸುಲಿದಳು. ಒಂದು ತಿಂದರು. ಎರಡನೆಯದನ್ನು ಅರ್ಧ ತಿಂದು ನಿಲ್ಲಿಸಿದಾಗ ನಾನು ಮತ್ತೆ ಹೆದರಿದೆ. ಆಮೇಲೆ ಅದೂ ಮುಗಿಯಿತು. ಬಿಸ್ಕತ್ತನ್ನೂ ನನ್ನ ಕೈಯಿಂದ ಕಿತ್ತುಕೊಂಡು ತಿಂದರು. ಬೆವರು ಆರಿತು. ಹೈವೇಯ ಸದ್ದು ನನಗೆ ಮತ್ತೆ ಕೇಳಿಸತೊಡಗಿತು.

"ತಾಯಿ, ನಿನಗೆ ತಡ ಆಯ್ತು," ಎಂದರು ಅಯ್ನೋರು ಕೊನೆಗೆ.

"ಆಯ್ತು. ಕುತ್ಗೆಗ್ ಆಕ್ಕಳಿ ಮೊದ್ಲು," ಎಂದು ಅಂಜನಮ್ಮ ಗೊನೆ ಹೊತ್ತು ಹೊರಟೇಬಿಟ್ಟಳು.

ಮಹಾನಂದಮ್ಮನವರಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಆ ಕಡೆಯಿಂದ ಬೈಗುಳ ಬಂತೋ ಅಳು ಬಂತೋ ತಿಳಿಯದು. ಅಯ್ನೋರು ಬಹಳ ಹೊತ್ತು "ಹೂಂ, ಹೂಂ" ಎನ್ನುತ್ತಿದ್ದರು. ಇಡುವ ಮುಂಚೆ ತಡೆದು ಕೇಳಿದರು: "ಚಿಲಕ ನಿಜವಾಗ್ಲೂ ಹಾಕಿದೀಯಾ?"

ಮೈಸೂರಿನತನಕದ ಮಿಕ್ಕ ತುಂಡುಗಳನ್ನು ಅವತ್ತಿಗೆ ಬಿಟ್ಟು ಮನೆಗೆ ತಿರುಗಿದೆವು. ವಸ್ತ್ರದ ಗಂಟು ಸ್ವೆಟರಿನ ಒಳಗೆ ಗಟ್ಟಿಯಾಗಿ ನಿಂತು ಸರಿಯಾಗಿ ನನ್ನ ಬೆನ್ನುಮೂಳೆಗೆ ಒತ್ತುತ್ತಿತ್ತು. ಸುಖವಾಗಿತ್ತು. ಆದರೆ ಹಳೇ ರಸ್ತೆಯಲ್ಲಿ ಹಳ್ಳಕ್ಕೇನು ಬರ? ಪ್ರತಿ ಹಳ್ಳಕ್ಕೂ ಅವರು ಹಿಂದೆ ಜಾರುತ್ತಿದ್ದರು, ಆ ಒತ್ತು ತಪ್ಪುತ್ತಿತ್ತು, ನಾನು ಕತ್ತು ತಿರುಗಿಸಿ ಕೇಳುತ್ತಿದ್ದೆ.

"ಇದೆಯಾ ಅಯ್ನೋರೆ?"

"ಇದೆ ಕಣೋ."

ಚನ್ನಪಟ್ಟಣದ ಮರದ ಕುದುರೆಗಳ ಮುಂದೆ ಕೇಳಿದೆ. ಬಿಡದಿಯಲ್ಲಿ ಕೇಳಿದೆ. ಕೆಂಗೇರಿ ದಾಟುವಾಗ ಅವರಿಗೆ ರೇಗಿತು.

"ಎಷ್ಟು ಸಲ ಕೇಳ್ತೀಯೋ? ಒಂದು ಸಲ ಹೇಳಿದ್ರೆ ನಂಬಕ್ಕಾಗಲ್ವಾ?"

"ಆಗಲ್ಲ," ಅಂದೆ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಳಿದು, ನನ್ನ ಕೈಯಿಂದಲೇ ಅವರ ಕೊರಳಿನ ಕೆಂಪು ವಸ್ತ್ರವನ್ನು ಎಳೆದು ನೋಡಿದೆ.